ರಾಡ್ ಹಾಕಿದರು, ಮೂಳೆಯನ್ನು ಮರೆತರು

ನಮ್ಮ ಅಜ್ಜಿ 78ನೇ ವಯಸ್ಸಿನಲ್ಲಿ ಬಚ್ಚಲುಮನೆಯ ಹೊಸ್ತಿಲ ಬಳಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಮಾಡಿ ರಾಡ್ ಹಾಕಿದರು. ಆಗ ಕೊಟ್ಟ ಡಿಸ್ಚಾರ್ಜ್ ಚೀಟಿ ಇಂದಿಗೂ ನನ್ನ ಬಳಿ ಇದೆ. ಹೊಲಿಗೆ ಬಿಚ್ಚುವ ದಿನಾಂಕ, ಆಂಟಿಬಯೋಟಿಕ್, ನೋವಿನ ಮಾತ್ರೆ, ಹದಿನೈದು ದಿನದ ಕ್ಯಾಲ್ಸಿಯಂ, ಇಷ್ಟೇ ಅದರಲ್ಲಿರುವುದು. ನಿಂತಲ್ಲಿಂದ ಬಿದ್ದಷ್ಟಕ್ಕೇ ಸೊಂಟದ ಬಳಿ ತೊಡೆಯ ಮೂಳೆ ಏಕೆ ಮುರಿಯಿತು ಎಂದು ವೈದ್ಯರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹದಿನಾಲ್ಕು ತಿಂಗಳಿಗೆ ಇನ್ನೊಂದು ಬದಿಯ ಸೊಂಟವೂ ಮುರಿಯಿತು.

ಹಾಗೆ ಸುಲಭವಾಗಿ ಮುರಿಯುವುದೇ ಆಸ್ಟಿಯೊಪೊರೋಸಿಸ್ ಇರುವುದರ ಗುರುತು. ಮಂಡಿನೋವಿಗೂ ಇದಕ್ಕೂ ನಾವು ‘ಮೂಳೆ ಸವೆತ’ ಎಂಬ ಒಂದೇ ಹೆಸರಿಟ್ಟಿರುವುದರಿಂದ ಗೊಂದಲ ಹೆಚ್ಚಿದೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ. ಇಲ್ಲಿ ಮೂಳೆಯೇ ಒಳಗಿನಿಂದ ಟೊಳ್ಳಾಗುತ್ತದೆ, ಮುರಿಯುವವರೆಗೂ ನೋಯುವುದಿಲ್ಲ.

ಇದಕ್ಕೆ ಔಷಧವಿಲ್ಲವೆಂದಾಗಿದ್ದರೆ ನಾನು ಈ ಮಾತು ಎತ್ತುತ್ತಿರಲಿಲ್ಲ. 2007ರಲ್ಲಿ ಪ್ರಕಟವಾದ ‘ಹೊರೈಜನ್’ ಅಧ್ಯಯನದಲ್ಲಿ, ಸೊಂಟದ ಶಸ್ತ್ರಚಿಕಿತ್ಸೆಯಾಗಿ 90 ದಿನಗಳೊಳಗಿದ್ದ 2,127 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜೊಲೆಡ್ರೋನಿಕ್ ಆಮ್ಲ ಎಂಬ ಮೂಳೆ ಗಟ್ಟಿಗೊಳಿಸುವ ಔಷಧವನ್ನು ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಕೊಟ್ಟರು, ಇನ್ನೊಂದಕ್ಕೆ ಔಷಧವಿಲ್ಲದ ಡ್ರಿಪ್ ಕೊಟ್ಟರು. ಎರಡೂ ಗುಂಪಿನವರಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಸಿಗುತ್ತಿತ್ತು. ಸುಮಾರು ಎರಡು ವರ್ಷಗಳಲ್ಲಿ, ಔಷಧ ಸಿಗದವರಲ್ಲಿ ಶೇ. 13.9 ಮಂದಿಗೆ ಹೊಸದಾಗಿ ಮೂಳೆ ಮುರಿದರೆ, ಸಿಕ್ಕವರಲ್ಲಿ ಆ ಪ್ರಮಾಣ ಶೇ. 8.6ಕ್ಕೆ ಇಳಿಯಿತು. ಸಾವುಗಳೂ ಶೇ. 28ರಷ್ಟು ಕಡಿಮೆಯಾದವು. ಆದರೆ ಇಂತಹ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ನಂತರದ ವಿಶ್ಲೇಷಣೆಯಲ್ಲಿ ಸಾವು ತಗ್ಗುವುದು ದೃಢಪಡದ ಕಾರಣ, ಆ ಅಂಕಿಯನ್ನು ನಾನು ಮುಂದಿಡುವುದಿಲ್ಲ. ಮುರಿತ ತಗ್ಗುತ್ತದೆ ಎಂಬುದೊಂದೇ ನನ್ನ ವಾದಕ್ಕೆ ಸಾಕು. ಕ್ಯಾಲ್ಸಿಯಂ ಮಾತ್ರೆ ಒಂದರಿಂದಲೇ ಈ ಕೆಲಸ ಆಗುವುದಿಲ್ಲ ಎಂಬುದನ್ನೂ ಈ ಪ್ರಯೋಗದಿಂದ ತಿಳಿಯಬಹುದು.

ಹಾಗಿದ್ದರೂ ಔಷಧ ಏಕೆ ತಲುಪುವುದಿಲ್ಲ? ಮೂಳೆ ತಜ್ಞರು ಅದನ್ನು ಫಿಸಿಷಿಯನ್ ನೋಡಿಕೊಳ್ಳುತ್ತಾರೆಂದು ಬಿಡುತ್ತಾರೆ, ಫಿಸಿಷಿಯನ್ ಅದು ಮೂಳೆ ತಜ್ಞರ ಕೆಲಸವೆಂದು ತಿಳಿಯುತ್ತಾರೆ, ಮನೆಯವರಾದ ನಾವು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1999ರಲ್ಲೇ ಇದಕ್ಕೊಂದು ದಾರಿ ಕಂಡುಕೊಂಡರು. ಮೂಳೆ ಮುರಿದು ಬರುವ 50 ದಾಟಿದವರನ್ನು ಗುರುತಿಸಿ, ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿ, ಚಿಕಿತ್ಸೆ ಶುರುವಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಅದಕ್ಕೆಂದೇ ನೇಮಿಸಿದ ನರ್ಸ್‌ಗಳಿಗೆ ವಹಿಸಿದರು. ದೊಡ್ಡ ಯಂತ್ರವಲ್ಲ, ಹೆಸರು ಹಿಡಿದು ಹೊಣೆ ಹೊರುವ ಒಬ್ಬ ವ್ಯಕ್ತಿ ಬೇಕು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇದು ಆಗದ ಕೆಲಸವೆಂದು ನನಗೆ ಅನ್ನಿಸುವುದಿಲ್ಲ.

ಅಲ್ಲಿಯವರೆಗೆ ಆ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ. ಎರಡನೆಯ ಸಲ ಅಜ್ಜಿಯನ್ನು ಮನೆಗೆ ಕರೆತರುವ ಮೊದಲು ನಾನು ಕೇಳಿದೆ: ‘ಡಾಕ್ಟ್ರೇ, ಮುರಿದದ್ದಕ್ಕೆ ರಾಡ್ ಹಾಕಿದಿರಿ, ಮೂಳೆ ಗಟ್ಟಿಯಾಗಲು ಏನು ಕೊಡುತ್ತೀರಿ?’ ಅವರು ಸಿಟ್ಟಾಗಲಿಲ್ಲ. ಮೂತ್ರಪಿಂಡದ ಪರೀಕ್ಷೆ ಮಾಡಿಸಿದರು, ರಕ್ತದಲ್ಲಿ ವಿಟಮಿನ್ ಡಿ ತೀರಾ ಕಡಿಮೆಯಿದ್ದುದರಿಂದ ಮೊದಲು ಅದನ್ನು ಸರಿಪಡಿಸಿ, ಕೆಲವು ವಾರಗಳ ನಂತರ ಡ್ರಿಪ್ ಹಾಕಿದರು. ಅಜ್ಜಿ ಕುರ್ಚಿಯಲ್ಲಿ ಕುಳಿತು ಸೆರಗಿನ ತುದಿ ಸುತ್ತಿಕೊಳ್ಳುತ್ತಿದ್ದಂತೆ ಅರ್ಧ ಗಂಟೆಯೊಳಗೆ ಅದು ಮುಗಿಯಿತು.