ಕೊನೆಯ ಓಟು ಯಾರದು?

ಎಲ್ಲರಿಗೂ ನಮಸ್ಕಾರ. ಅರೇಬಿಕಾ ಕೊಯ್ಲಿನ ದಿನಗಳಲ್ಲಿ, ಅದೂ ಭಾನುವಾರ ಸಂಜೆ, ಚಿಕ್ಕಮಗಳೂರಿನಲ್ಲಿ ಇಷ್ಟು ಜನ ಸೇರುತ್ತೀರೆಂದು ನಾನು ಎಣಿಸಿರಲಿಲ್ಲ. ಒಂಬತ್ತರೊಳಗೆ ಮುಗಿಸಿ ಎಂದು ಸಂಘಟಕರು ಕಿವಿಯಲ್ಲಿ ಹೇಳಿದ್ದಾರೆ. ಕಾರಣ ಕೇಳಲಿಲ್ಲ. ಒಂಬತ್ತಕ್ಕೆ ಟಿವಿಯಲ್ಲಿ ಏನು ಬರುತ್ತದೆಂದು ನನಗೂ ಗೊತ್ತು, ನನ್ನ ಇವತ್ತಿನ ವಿಷಯವೂ ಅದೇ.

ನಾನು ಟಿವಿ ವಿಮರ್ಶಕನಲ್ಲ. ಮಲೆನಾಡಿನ ನಾಲ್ಕಾರು ಗ್ರಾಮ ಪಂಚಾಯಿತಿಗಳಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ಬಿಗ್ ಬಾಸ್ ನೋಡಲು ಕೂತಾಗಲೆಲ್ಲ ನನಗೆ ಅಧ್ಯಕ್ಷರ ಚುನಾವಣೆಯೇ ನೆನಪಾಗುತ್ತದೆ. ಮೊದಮೊದಲು ಇದು ಹಳೆಯ ನೌಕರಿಯ ರೋಗ ಎಂದುಕೊಂಡಿದ್ದೆ. ಆಮೇಲೆ ಬೇರೆ ದೇಶಗಳ ಇಂಥ ಆಟಗಳ ಕಥೆ ಓದುತ್ತಾ ಹೋದಂತೆ, ರೋಗವಲ್ಲ, ಹೋಲಿಕೆ ನಿಜವಾಗಿಯೂ ಇದೆ ಅನ್ನಿಸಿತು.

2000ನೇ ಇಸವಿಯ ಆಗಸ್ಟ್ ತಿಂಗಳಿಗೆ ಬನ್ನಿ. ಬ್ರಿಟನ್ನಿನಲ್ಲಿ ಬಿಗ್ ಬ್ರದರ್‌ನ, ಅಂದರೆ ಸ್ಪರ್ಧಿಗಳನ್ನು ಒಂದೇ ಮನೆಯಲ್ಲಿ ಕೂಡಿಹಾಕುವ, ನಮ್ಮ ಬಿಗ್ ಬಾಸ್‌ಗೆ ಮಾದರಿಯಾದ ಆಟದ, ಮೊದಲ ಆವೃತ್ತಿ ನಡೆಯುತ್ತಿತ್ತು. ನಿಕ್ ಬೇಟ್‌ಮನ್ ಎಂಬ ಸ್ಪರ್ಧಿ ಚೀಟಿಯ ಮೇಲೆ ಹೆಸರು ಬರೆದು, ಇವರನ್ನು ನಾಮಿನೇಟ್ ಮಾಡಿ, ಅಂದರೆ ಹೊರಹಾಕಲು ಹೆಸರಿಸಿ ಎಂದು ಮನೆಯವರಿಗೆ ಗುಟ್ಟಾಗಿ ತೋರಿಸುತ್ತಿದ್ದ. ಸಿಕ್ಕಿಬಿದ್ದ. ಉಳಿದವರು ಮೇಜಿನ ಸುತ್ತ ಕೂರಿಸಿ ಪಂಚಾಯಿತಿ ಮಾಡಿದರು. ನಿಯಮ ಮುರಿದದ್ದಕ್ಕೆ ಆಗಸ್ಟ್ 17ರಂದು ಕಾರ್ಯಕ್ರಮದವರು ಅವನನ್ನು ಹೊರಗೆ ಹಾಕಿದರು. ಪತ್ರಿಕೆಗಳು ಅವನಿಗೆ ‘ನಾಸ್ಟಿ ನಿಕ್’ ಎಂದು ಹೆಸರಿಟ್ಟವು. ಆ ಪಂಚಾಯಿತಿಯಲ್ಲಿ ಮುಂದೆ ನಿಂತು ಪ್ರಶ್ನಿಸಿದ ಕ್ರೇಗ್ ಫಿಲಿಪ್ಸ್ ಜನರ ಮತದಿಂದ ಗೆದ್ದ. ಬಹುಮಾನದ 70,000 ಪೌಂಡನ್ನು ಸ್ನೇಹಿತೆಯೊಬ್ಬಳ ಶಸ್ತ್ರಚಿಕಿತ್ಸೆಗೆ ಕೊಟ್ಟ.

ಇದಾಗಿ ಆರೇ ದಿನ. ಆಗಸ್ಟ್ 23ರಂದು ಅಮೆರಿಕದಲ್ಲಿ ಸರ್ವೈವರ್ ಎಂಬ, ಸ್ಪರ್ಧಿಗಳನ್ನು ದ್ವೀಪದಲ್ಲಿ ಬಿಟ್ಟು ಆಡಿಸುವ ಟಿವಿ ಆಟದ ಮೊದಲ ಆವೃತ್ತಿ ಮುಗಿಯಿತು. ಐದು ಕೋಟಿಗೂ ಹೆಚ್ಚು ಜನ ನೋಡಿದರು. ಗೆದ್ದ ರಿಚರ್ಡ್ ಹ್ಯಾಚ್ ಅಲ್ಲಿ ಮಾಡಿದ್ದೇನು? ನಾಲ್ಕು ಜನರ ಕೂಟ ಕಟ್ಟಿ, ಯಾರನ್ನು ಮನೆಗೆ ಕಳಿಸಬೇಕೆಂದು ಮೊದಲೇ ಕೂತು ಮಾತಾಡಿಕೊಂಡದ್ದು. ಬ್ರಿಟನ್ನಿನಲ್ಲಿ ಒಬ್ಬನನ್ನು ಮನೆಯಿಂದ ಓಡಿಸಿದ ಕೆಲಸಕ್ಕೆ ಅಮೆರಿಕದಲ್ಲಿ ಇನ್ನೊಬ್ಬನಿಗೆ ಹತ್ತು ಲಕ್ಷ ಡಾಲರ್.

ಬ್ರಿಟಿಷರು ಸಜ್ಜನರು, ಅಮೆರಿಕನ್ನರು ದುಡ್ಡಿನ ಹಿಂದೆ ಬಿದ್ದವರು ಎಂದು ನೀವು ಹೇಳಬಹುದು. ನಾನು ಒಪ್ಪುವುದಿಲ್ಲ. ಕೊನೆಯ ಓಟು ಯಾರ ಕೈಯಲ್ಲಿದೆ ಎಂಬುದನ್ನು ನೋಡಿ. ಬ್ರಿಟನ್ನಿನಲ್ಲಿ ಅದು ಮನೆಯಲ್ಲಿ ಕೂತು ನೋಡುವವರ ಕೈಯಲ್ಲಿತ್ತು. ಸರ್ವೈವರ್‌ನಲ್ಲಿ ಸ್ಪರ್ಧಿಗಳನ್ನು ಹೊರಹಾಕುವವರೂ ಸ್ಪರ್ಧಿಗಳೇ, ಕೊನೆಗೆ ಗೆಲ್ಲಿಸುವವರೂ ಹಾಗೆ ಹೊರಬಿದ್ದವರೇ. ನೀನು ಯಾರ ಕತ್ತು ಕೊಯ್ದೆಯೋ ಅವರ ಮುಂದೆಯೇ ಹೋಗಿ ಕೈಮುಗಿದು ನಿಲ್ಲಬೇಕು.

ಆ ಕೊನೆಯ ಘಟ್ಟವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಇಷ್ಟು ಚೊಕ್ಕ ಲೆಕ್ಕಾಚಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೋರ್ನಿಯೊ ಬಳಿಯ ದ್ವೀಪ, 39 ದಿನಗಳ ಆಟ, ಹದಿನಾರು ಜನರಲ್ಲಿ ಉಳಿದವರು ಮೂವರು. ಹ್ಯಾಚ್, ಕೆಲ್ಲಿ ಎಂಬ ತರುಣಿ, ಮತ್ತು ನೌಕಾಪಡೆಯಿಂದ ನಿವೃತ್ತನಾದ 72ರ ಮುದುಕ ರೂಡಿ. ಒಂದು ಕಂಬದ ಮೇಲೆ ಕೈಯಿಟ್ಟು ನಿಲ್ಲಬೇಕು. ಕೊನೆಯವರೆಗೆ ಕೈ ತೆಗೆಯದವರು ಗೆದ್ದಂತೆ. ಫೈನಲ್‌ಗೆ ಯಾರನ್ನು ಜೊತೆಗೆ ಕರೆದೊಯ್ಯಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಹ್ಯಾಚ್ ತಾನಾಗಿಯೇ ಕೈ ತೆಗೆದು ಪಕ್ಕಕ್ಕೆ ನಡೆದ.

ಯಾಕೆ? ರೂಡಿ ಎಲ್ಲರಿಗೂ ಬೇಕಾದವನು, ಅವನ ಎದುರು ಕೂತರೆ ಹ್ಯಾಚ್‌ಗೆ ಸೋಲು ಖಚಿತ. ತಾನೇ ಗೆದ್ದು ರೂಡಿಯನ್ನು ಬಿಟ್ಟು ಕೆಲ್ಲಿಯನ್ನು ಆರಿಸಿಕೊಂಡರೆ, ಫೈನಲ್‌ಗೆ ಒಬ್ಬರನ್ನೊಬ್ಬರು ಕರೆದೊಯ್ಯುವುದೆಂದು ರೂಡಿಯೊಂದಿಗೆ ಆಡಿದ ಮಾತು ತಪ್ಪಿದಂತಾಗುತ್ತದೆ, ರೂಡಿಯ ಓಟು ಕೈತಪ್ಪುತ್ತದೆ. ರೂಡಿ ಗೆದ್ದರೆ ಕೊಟ್ಟ ಮಾತಿನಂತೆ ಹ್ಯಾಚ್‌ನನ್ನೇ ಕರೆದೊಯ್ಯುತ್ತಾನೆ. ಕೆಲ್ಲಿ ಗೆದ್ದರೆ ರೂಡಿಗೆ ಹೆದರಿ ಹ್ಯಾಚ್‌ನನ್ನೇ ಆರಿಸುತ್ತಾಳೆ. ಅಂದರೆ ಸೋತರೂ ಫೈನಲ್ ಸಿಗುತ್ತದೆ, ದ್ರೋಹದ ಕೊಳೆಯೂ ಅಂಟುವುದಿಲ್ಲ. ಹಾಗೆಯೇ ಆಯಿತು. ನಿಂತು ನಿಂತು ಸುಸ್ತಾದ ರೂಡಿ ಮರೆತು ಕೈ ಎತ್ತಿದ, ಕೆಲ್ಲಿ ಗೆದ್ದಳು, ಹ್ಯಾಚ್‌ನನ್ನು ಆರಿಸಿದಳು. ಫಲಿತಾಂಶ 4–3, ಹ್ಯಾಚ್ ಪರ. ರೂಡಿಯ ಓಟೂ ಅವನಿಗೇ ಬಿತ್ತು.

ಇದೆಲ್ಲ ಬುದ್ಧಿಯ ಗೆಲುವು ಎಂದು ಬೀಗಬೇಡಿ. ಆ ನಾಲ್ಕು ಓಟುಗಳಲ್ಲಿ ಒಂದನ್ನು ಹಾಕಿದವನು ಇಬ್ಬರಿಗೂ ಒಂದರಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಿ ಅಂದಿದ್ದ. ಹ್ಯಾಚ್ ಏಳು ಅಂದ, ಕೆಲ್ಲಿ ಮೂರು ಅಂದಳು. ಉತ್ತರ ಒಂಬತ್ತಂತೆ! ಅದೇ ಆಟದಲ್ಲಿ ಡಾಕ್ಟರೊಬ್ಬ ಯಾರಿಗೂ ಅನ್ಯಾಯವಾಗಬಾರದೆಂದು ಅಕ್ಷರಮಾಲೆಯ ಕ್ರಮದಲ್ಲಿ ಓಟು ಹಾಕುತ್ತಾ ಬಂದ. ಅವನ ಮುಂದಿನ ಅಕ್ಷರ ಯಾವುದೆಂದು ತಿಳಿದ ಕೂಟದವರು ತಮ್ಮ ಓಟನ್ನೂ ಅಲ್ಲಿಗೇ ಜೋಡಿಸಿದರು. ನಾನು ಯಾವ ಗುಂಪಿಗೂ ಸೇರಿಲ್ಲ ಎನ್ನುವ ಸದಸ್ಯರನ್ನು ಪಂಚಾಯಿತಿಯಲ್ಲಿ ಸಾಕಷ್ಟು ಕಂಡಿದ್ದೇನೆ. ಎರಡೂ ಗುಂಪಿನವರು ಲೆಕ್ಕ ಶುರು ಮಾಡುವುದೇ ಅವರಿಂದ. ಅಂದ ಹಾಗೆ, ಹ್ಯಾಚ್ ಮುಂದೆ ಆ ಬಹುಮಾನಕ್ಕೆ ತೆರಿಗೆ ಕಟ್ಟದೆ ಜೈಲಿಗೆ ಹೋದ. ಆ ಲೆಕ್ಕ ಮಾತ್ರ ತಪ್ಪಿತು.

ನನ್ನ ವಾದಕ್ಕೆ ಗಟ್ಟಿ ಪುರಾವೆ ಅಮೆರಿಕದ ಬಿಗ್ ಬ್ರದರ್. 2000ದಲ್ಲಿ ಅಲ್ಲಿಯೂ ಜನರ ಓಟು ಇತ್ತು. 2001ರಲ್ಲಿ ಓಟನ್ನು ಸ್ಪರ್ಧಿಗಳ ಕೈಗೇ ಕೊಟ್ಟರು. ಆ ವರ್ಷ ಗೆದ್ದವನು ವಿಲ್ ಕರ್ಬಿ, ತಾನು ಸುಳ್ಳು ಹೇಳುತ್ತೇನೆಂದು ಸಹಸ್ಪರ್ಧಿಗಳ ಮುಂದೆಯೇ ಹೇಳಿಕೊಂಡವನು. ದೇಶ ಅದೇ, ಕಾರ್ಯಕ್ರಮವೂ ಅದೇ.

ಇನ್ನು ನಮ್ಮ ಕನ್ನಡದ ಮನೆ. 2013ರಿಂದ ಸುದೀಪ್ ನಡೆಸಿಕೊಟ್ಟ ಈ ಆಟದಲ್ಲಿ ನಾಮಿನೇಷನ್ ಸ್ಪರ್ಧಿಗಳದ್ದು, ತೀರ್ಪು ಜನರದ್ದು. ನಾಮಿನೇಷನ್ ಬಗ್ಗೆ ಮನೆಯವರು ಮೊದಲೇ ಚರ್ಚಿಸುವಂತಿಲ್ಲ. ಸರ್ವೈವರ್‌ನಲ್ಲಿ ಹಗಲೂ ರಾತ್ರಿ ನಡೆಯುವುದು ಆ ಚರ್ಚೆಯೊಂದೇ! ಹಾಗಾಗಿ ನಮ್ಮಲ್ಲಿ ‘ಇವನು ಗೇಮ್ ಆಡುತ್ತಿದ್ದಾನೆ’ ಎಂಬುದು ಬೈಗುಳ. ಆಟಕ್ಕೆಂದೇ ಬಂದವನನ್ನು ಆಟ ಆಡುತ್ತಾನೆಂದು ಬೈಯುವುದು ವಿಚಿತ್ರ, ಆದರೂ ಮನೆಯೊಳಗಿನವರು ಅದಕ್ಕೆ ಬೆಚ್ಚುತ್ತಾರೆ. ‘ಮುಖವಾಡ’, ‘ಗುಂಪುಗಾರಿಕೆ’ ಎಂಬ ಮಾತುಗಳಿಗೂ ಹಾಗೆಯೇ. ‘ನಾನು ನಾನಾಗಿಯೇ ಇದ್ದೇನೆ’ ಎಂದು ದಿನಕ್ಕೆ ಹತ್ತು ಸಲ ಹೇಳುವುದು ಅಲ್ಲಿನ ಅತ್ಯಂತ ಹಳೆಯ ತಂತ್ರ.

ಹಾಗೆಂದು ನಮ್ಮ ಜನ ಸಾಧು ಸ್ವಭಾವದವರನ್ನೇ ಗೆಲ್ಲಿಸುತ್ತಾರೆ ಎನ್ನಲಾಗದು. ನಾಲ್ಕನೆಯ ಆವೃತ್ತಿಯಲ್ಲಿ ಮನೆಯೊಳಗೆ ಹಲವರೊಂದಿಗೆ ತಕರಾರು ತೆಗೆದ ಪ್ರಥಮ್ ಗೆದ್ದರು. ಆರರಲ್ಲಿ ರೈತ ಶಶಿಕುಮಾರ್ ಗೆದ್ದರು. ಹನ್ನೊಂದರಲ್ಲಿ ಹಾವೇರಿ ಜಿಲ್ಲೆಯ ಗಾಯಕ ಹನುಮಂತ ಲಮಾಣಿ ವೈಲ್ಡ್ ಕಾರ್ಡ್‌ನಲ್ಲಿ ತಡವಾಗಿ ಬಂದು ಗೆದ್ದರು. ಐದು ಕೋಟಿಗೂ ಹೆಚ್ಚು ಮತ ಬಂತೆಂದು ಪ್ರಕಟಿಸಿದರು. ಒಬ್ಬರಿಗೆ ಒಂದೇ ಓಟು ಎಂಬ ಕಟ್ಟುಪಾಡು ಅಲ್ಲಿಲ್ಲ, ಅದು ಬೇರೆ ಮಾತು. ಈ ಮೂವರಿಗೂ ಸ್ವಭಾವದಲ್ಲಿ ಹೋಲಿಕೆಯಿಲ್ಲ. ನನಗೆ ಅನ್ನಿಸುವುದು ಇಷ್ಟು: ನೋಡುವವರು ಜೋರು ಬಾಯಿಯನ್ನು ಕ್ಷಮಿಸುತ್ತಾರೆ, ಗುಸುಗುಸುವನ್ನು ಕ್ಷಮಿಸುವುದಿಲ್ಲ. ಕೂಗಾಡುವವನು ನಮ್ಮ ಎದುರಿಗೇ ಕೂಗಾಡುತ್ತಾನೆ. ಪಿಸುಗುಟ್ಟುವವನು ನಮ್ಮನ್ನೂ ಹೊರಗಿಟ್ಟಂತೆ ಕಾಣುತ್ತದೆ.

ಗ್ರಾಮ ಪಂಚಾಯಿತಿಯಲ್ಲಿ ಈ ಎರಡೂ ಆಟಗಳಿವೆ. ಸದಸ್ಯರನ್ನು ಊರಿನವರು ಆರಿಸುತ್ತಾರೆ, ಅದು ಬಿಗ್ ಬಾಸ್. ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ, ಅದು ಸರ್ವೈವರ್. ಮೊದಲನೆಯದಕ್ಕೆ ಮನೆಮನೆಗೆ ಹೋಗಿ ಅಜ್ಜಿಯರ ಕಾಲು ಮುಟ್ಟಿದವನೇ ಎರಡನೆಯದಕ್ಕೆ ಜೀಪು ಗೊತ್ತು ಮಾಡುತ್ತಾನೆ.

ಒಂದು ಪಂಚಾಯಿತಿಯಲ್ಲಿ ಹನ್ನೊಂದು ಸದಸ್ಯರಿದ್ದರು. ಒಬ್ಬ ಅಭ್ಯರ್ಥಿ ತನ್ನನ್ನೂ ಸೇರಿಸಿ ಆರು ಜನರನ್ನು ಕಟ್ಟಿಕೊಂಡು ಘಟ್ಟದಂಚಿನ ಒಂದು ಹೋಂಸ್ಟೇಗೆ ಹೋದ. ಮೂರು ದಿನ. ಬಂದವರ ಮೊಬೈಲುಗಳನ್ನೆಲ್ಲ ಸ್ಟೀಲ್ ಬೋಗುಣಿಯಲ್ಲಿ ಹಾಕಿಸಿ ಬೀರುವಿಗೆ ಬೀಗ ಹಾಕಿಸಿದ್ದನಂತೆ. ಕೋಳಿ ಸಾರು, ಕಡುಬು, ರಮ್ಮಿ. ಧರ್ಮಸ್ಥಳದ ಆಣೆಯೂ ಆಯಿತು. ಚುನಾವಣೆಯ ದಿನ ಆರೂ ಜನ ಒಂದೇ ಜೀಪಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಬಂದಿಳಿದರು. ಚೀಟಿ ಬಿಡಿಸಿದರೆ ಐದು–ಆರು. ಎದುರು ಪಕ್ಷದವನು ಅಧ್ಯಕ್ಷ.

ನಾನಲ್ಲ, ನಾನಲ್ಲ ಎಂದು ಎಲ್ಲರೂ ಪ್ರಮಾಣ ಮಾಡಿದರು. ತಿಂಗಳುಗಟ್ಟಲೆ ಒಬ್ಬರ ಮೇಲೊಬ್ಬರಿಗೆ ಅನುಮಾನ. ಆರರಲ್ಲಿ ಒಬ್ಬ ಸದಸ್ಯನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ, ಅಷ್ಟು ಮೆದು ಮನುಷ್ಯ. ನಾನು ನಿವೃತ್ತನಾದ ದಿನ ಹಾರ ಹಾಕಿ ಗೇಟಿನವರೆಗೆ ಬಂದವನು ತಾನಾಗಿಯೇ ಬಾಯಿಬಿಟ್ಟ. ದುಡ್ಡು ತೆಗೆದುಕೊಂಡೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ.

“ಅವರೆಲ್ಲ ಇಸ್ಪೀಟು ಆಡುತ್ತಿದ್ದರು ಸಾರ್. ಮೂರು ದಿನವೂ ಬಚ್ಚಲ ಒಲೆಗೆ ಸೌದೆ ಹಾಕಿದ್ದು ನಾನೊಬ್ಬನೇ” ಎಂದ.

ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿದೆ. ಪ್ರಶ್ನೆಗಳಿದ್ದರೆ ಕೇಳಿ.