ಸಾಂಕ್ರಾಮಿಕದ ವರ್ಷಗಳಲ್ಲಿ ಆತ್ಮಹತ್ಯೆಯ ಲೆಕ್ಕ: ಟೋಕಿಯೊದಿಂದ ತೀರ್ಥಹಳ್ಳಿವರೆಗೆ

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಸಹಕಾರ ಸಂಘಗಳ ಕಾರ್ಯದರ್ಶಿಗಳು, ಪತ್ರಕರ್ತರು ಶಿವಮೊಗ್ಗದಲ್ಲಿ ಒಂದೇ ಸಭೆಗೆ ಬರುವುದು ಅಪರೂಪ. ಪೀಠಿಕೆ ಬಿಟ್ಟು ವಿಷಯಕ್ಕೇ ಬರುತ್ತೇನೆ.

2020ರ ಏಪ್ರಿಲ್ ಹೊತ್ತಿಗೆ ಅನೇಕ ತಜ್ಞರು ಒಂದೇ ಮಾತು ಹೇಳುತ್ತಿದ್ದರು: ಕೊರೊನಾ ಬೆನ್ನಿಗೇ ಆತ್ಮಹತ್ಯೆಗಳ ಅಲೆ ಬರುತ್ತದೆ. ಹಾಗೆ ಅಂದುಕೊಳ್ಳಲು ಕಾರಣಗಳಿದ್ದವು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದಲ್ಲಿ ಆತ್ಮಹತ್ಯೆ ಏರಿತ್ತು ಎಂದು ಹಳೆಯ ದಾಖಲೆಗಳನ್ನು ನೋಡಿದವರು ಬರೆದಿದ್ದರು. 2003ರಲ್ಲಿ ಸಾರ್ಸ್ ಬಂದಾಗ ಹಾಂಗ್‌ಕಾಂಗ್‌ನ ವೃದ್ಧರಲ್ಲಿ ಏರಿತ್ತು. 1997ರ ಏಷ್ಯಾ ಆರ್ಥಿಕ ಕುಸಿತದ ಮರುವರ್ಷ ಜಪಾನಿನಲ್ಲಿ ಸಂಖ್ಯೆ ಮೊದಲ ಸಲ 30 ಸಾವಿರ ದಾಟಿತ್ತು. ನಿರುದ್ಯೋಗದ ಅಂದಾಜು ಹಿಡಿದು ಲೆಕ್ಕ ಹಾಕಿದ ಇಬ್ಬರು ಸಂಶೋಧಕರು, ಜಗತ್ತಿನಲ್ಲಿ ವರ್ಷಕ್ಕೆ 2,135ರಿಂದ 9,570ರಷ್ಟು ಸಾವು ಹೆಚ್ಚಾಗಬಹುದು ಎಂದಿದ್ದರು.

ಆಮೇಲೆ ನಿಜವಾದ ಅಂಕಿಗಳು ಬಂದವು. 21 ದೇಶಗಳ ದಾಖಲೆ ಸೇರಿಸಿ ಮಾಡಿದ ಅಧ್ಯಯನ 2021ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2020ರ ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳಲ್ಲಿ ಎಲ್ಲೂ ನಿರೀಕ್ಷೆಗಿಂತ ಏರಿದ ಪುರಾವೆ ಸಿಗಲಿಲ್ಲ. 12 ದೇಶ ಅಥವಾ ಪ್ರದೇಶಗಳಲ್ಲಿ ಇಳಿದಿತ್ತು. ಅಮೆರಿಕದಲ್ಲಿ 2019ರಲ್ಲಿ 47,511 ಇದ್ದದ್ದು 2020ರಲ್ಲಿ 45,979ಕ್ಕೆ ಇಳಿಯಿತು. ‘ನೋಡಿ, ಏನೂ ಆಗಲಿಲ್ಲ’ ಎಂದು ಆಗ ಬರೆದವರೂ ಇದ್ದಾರೆ. ಅವರು ಎರಡು ಸಂಗತಿ ಮರೆತರು. ಒಂದು, ಆ 21ರಲ್ಲಿ 16 ಶ್ರೀಮಂತ ದೇಶಗಳು, ಉಳಿದ 5 ಮೇಲ್ಮಧ್ಯಮ ಆದಾಯದವು; ಭಾರತ ಅದರಲ್ಲಿ ಇಲ್ಲ. ಜಗತ್ತಿನ ಆತ್ಮಹತ್ಯೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ ಆಗುತ್ತವೆ. ಇನ್ನೊಂದು, ಅದು ಮೊದಲ ನಾಲ್ಕು ತಿಂಗಳ ಕಥೆ.

ನಮ್ಮ ಕಡೆಯವರಿಗೆ ಈ ಎರಡನೆಯದು ಬೇಗ ಅರ್ಥವಾಗುತ್ತದೆ. ಮೃಗಶಿರಾ ಮಳೆಗೆ ಧರೆ ಜರಿಯುವುದಿಲ್ಲ. ಪುಷ್ಯ, ಆಶ್ಲೇಷದ ಹೊತ್ತಿಗೆ ಮಣ್ಣು ನೀರು ಕುಡಿದು ಭಾರವಾದ ಮೇಲೆ, ಒಂದು ಸಾಧಾರಣ ಮಳೆಗೆ ಜರಿಯುತ್ತದೆ.

ಜಪಾನ್ ನೋಡಿ. ಅಲ್ಲಿ ಪೊಲೀಸರು ತಿಂಗಳ ಲೆಕ್ಕ ತಿಂಗಳಿಗೇ ಕೊಡುತ್ತಾರೆ, ಹಾಗಾಗಿ ಚಿತ್ರ ಸ್ಪಷ್ಟವಾಗಿದೆ. 2020ರ ಫೆಬ್ರುವರಿಯಿಂದ ಜೂನ್‌ವರೆಗೆ ಆತ್ಮಹತ್ಯೆ ಪ್ರಮಾಣ ಶೇ 14ರಷ್ಟು ಇಳಿಯಿತು. ಜುಲೈನಿಂದ ಅಕ್ಟೋಬರ್‌ವರೆಗೆ ಶೇ 16ರಷ್ಟು ಏರಿತು. ಹೆಂಗಸರಲ್ಲಿ ಏರಿಕೆ ಶೇ 37, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 49. ವರ್ಷದ ಮೊತ್ತ 20,169ರಿಂದ 21,081ಕ್ಕೆ ಹೋಯಿತು. ಗಂಡಸರ ಸಂಖ್ಯೆ ಕೊಂಚ ಇಳಿದೇ ಇತ್ತು. ಏರಿದ್ದೆಲ್ಲ ಹೆಂಗಸರ ಲೆಕ್ಕದಲ್ಲಿ. ಹೋಟೆಲ್, ಅಂಗಡಿಗಳ ಹಂಗಾಮಿ ಕೆಲಸದಲ್ಲಿ ಇದ್ದವರು ಹೆಚ್ಚಾಗಿ ಹೆಂಗಸರು, ಮೊದಲು ಹೋದದ್ದು ಅವೇ ಕೆಲಸಗಳು. ಮನೆಯಲ್ಲಿ ಮಕ್ಕಳು, ಗಂಡ, ಅಡುಗೆ ಎಲ್ಲವೂ ಅವರ ಮೇಲೇ ಬಿತ್ತು.

ಮೊತ್ತ ಕದಲದಿದ್ದರೂ ಒಳಗೆ ಹೀಗೆ ಅದಲುಬದಲಾಗುತ್ತದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಮೊದಲ ಲಾಕ್‌ಡೌನ್ ಅವಧಿಯಲ್ಲಿ ಬಿಳಿಯರ ಆತ್ಮಹತ್ಯೆ ಅರ್ಧಕ್ಕೆ ಇಳಿದರೆ, ಕಪ್ಪು ಜನರದ್ದು ದುಪ್ಪಟ್ಟಾಯಿತು. ಎರಡನ್ನೂ ಕೂಡಿಸಿ ಸರಾಸರಿ ತೆಗೆದವನಿಗೆ ಕಾಣುವುದೇನು?

ಈಗ ನಮ್ಮ ದೇಶ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ ಪ್ರಕಾರ 2019ರಲ್ಲಿ 1,39,123 ಆತ್ಮಹತ್ಯೆಗಳು. 2020ರಲ್ಲಿ 1,53,052. 2021ರಲ್ಲಿ 1,64,033. 2022ರಲ್ಲಿ 1,70,924. ಕರ್ನಾಟಕದಲ್ಲಿ ಇದೇ ವರ್ಷಗಳಲ್ಲಿ 11,288, 12,259, 13,056, 13,606.

ಏರಿದ್ದು ಕಣ್ಣಿಗೆ ಕಾಣುತ್ತದೆ. ಆದರೆ ಸಾಂಕ್ರಾಮಿಕದಿಂದ ಎಷ್ಟು ಏರಿತು ಎಂದು ಹೇಳಬೇಕಾದರೆ, ಅದು ಬಾರದಿದ್ದರೆ ಎಷ್ಟಿರುತ್ತಿತ್ತು ಎಂಬುದನ್ನು ಮೊದಲು ಹೇಳಬೇಕು. ಹಿಂದಿನ ವರ್ಷಗಳ ಅಂಕಿಗಳ ಮೇಲೆ ಗೆರೆ ಎಳೆದು ಮುಂದಕ್ಕೆ ಚಾಚುವುದು ಒಂದು ವಿಧಾನ. 2017ರಲ್ಲಿ 1,29,887, 2018ರಲ್ಲಿ 1,34,516. ಆ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 4,600ರಂತೆ ಏರುತ್ತಿತ್ತು. ಅದೇ ಗತಿಯಲ್ಲಿ ಹೋಗಿದ್ದರೆ 2020ರಲ್ಲಿ 1.44 ಲಕ್ಷದ ಹತ್ತಿರ ಇರಬೇಕಿತ್ತು; ಹೆಚ್ಚುವರಿ ಸುಮಾರು 9,300. ಗೆರೆಯನ್ನು 2015ರಿಂದ ಶುರುಮಾಡಿ. ಆ ವರ್ಷ 1,33,623, ಮರುವರ್ಷ 1,31,008, ಅಂದರೆ ಇಳಿಕೆ. ಈ ಐದು ವರ್ಷಗಳ ಗೆರೆ 2020ಕ್ಕೆ 1.38 ಲಕ್ಷ ಎನ್ನುತ್ತದೆ. ಹೆಚ್ಚುವರಿ 15 ಸಾವಿರ. ಅಂಕಿ ಅದೇ, ಗೆರೆ ಬೇರೆ, ಉತ್ತರ ಬೇರೆ. ಎರಡೂ ಏರಿಕೆಯನ್ನೇ ತೋರಿಸುತ್ತವೆ ಎಂಬಷ್ಟನ್ನು ಗಟ್ಟಿಯಾಗಿ ಹೇಳಬಹುದು. ಇದಕ್ಕಿಂತ ನಿಖರವಾಗಿ ಯಾರಾದರೂ ಒಂದೇ ಸಂಖ್ಯೆ ಹೇಳಿದರೆ, ಯಾವ ವರ್ಷದಿಂದ ಗೆರೆ ಎಳೆದಿರಿ ಎಂದು ಕೇಳಿ.

ಜಿಲ್ಲೆ ಮಟ್ಟದಲ್ಲಿ ಇನ್ನೂ ಎಚ್ಚರ ಬೇಕು. ಪತ್ರಕರ್ತರು ದಯವಿಟ್ಟು ಇದನ್ನು ಬರೆದುಕೊಳ್ಳಿ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17,52,753. ರಾಜ್ಯದ ಪ್ರಮಾಣ ಲಕ್ಷಕ್ಕೆ 18ರ ಆಸುಪಾಸು. ಉದಾಹರಣೆಗೆ ಅದನ್ನೇ ಇಲ್ಲಿಗೂ ಹಚ್ಚಿದರೆ ವರ್ಷಕ್ಕೆ 315, ತಿಂಗಳಿಗೆ 26. ಇಂಥ ಎಣಿಕೆಯಲ್ಲಿ ಸುಮ್ಮನೆ ಆಕಸ್ಮಿಕವಾಗಿ ಆಗುವ ಏರಿಳಿತದ ಅಳತೆ ಆ ಸಂಖ್ಯೆಯ ವರ್ಗಮೂಲ, ಇಲ್ಲಿ 5. ಅದರ ಎರಡು ಪಟ್ಟು ಆಚೀಚೆ ಹಿಡಿದರೆ 16ರಿಂದ 36. ಅಂದರೆ ಒಂದು ತಿಂಗಳು 20, ಮುಂದಿನ ತಿಂಗಳು 33 ಬಂದರೆ ಏನೂ ಬದಲಾಗದೆಯೂ ಹಾಗೆ ಬರಬಹುದು. ‘ಜಿಲ್ಲೆಯಲ್ಲಿ ಆತ್ಮಹತ್ಯೆ ಶೇ 65 ಏರಿಕೆ’ ಎಂಬ ತಲೆಬರಹ ಆ ದಿನ ತಪ್ಪು. ಒಂದು ತಾಲ್ಲೂಕಿನ ಲೆಕ್ಕವನ್ನಂತೂ ವರ್ಷಗಟ್ಟಲೆ ಕೂಡಿಸದೆ ಮಾತಾಡಲೇಬಾರದು.

ಅಂಕಿ ಎಲ್ಲಿ ಹುಟ್ಟುತ್ತದೆ ಎಂಬುದನ್ನೂ ನೋಡಬೇಕು. ಠಾಣೆಯಲ್ಲಿ ದಾಖಲಾಗುವ ಯುಡಿಆರ್, ಅಂದರೆ ಅಸಹಜ ಸಾವಿನ ವರದಿಯೇ ಮೂಲ. ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ 174ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 194. ದೂರಿನ ಭಾಷೆ ನಿಮಗೆಲ್ಲ ಬಾಯಿಪಾಠ: ‘ಹೊಟ್ಟೆನೋವು ತಾಳಲಾರದೆ ಜೀವನದಲ್ಲಿ ಜಿಗುಪ್ಸೆಗೊಂಡು’. ಸಾಲ ಇರಬಹುದು, ಹೊಡೆತ ಇರಬಹುದು, ಬರೆದದ್ದು ಹೊಟ್ಟೆನೋವು. ಅದೇ ದೆಹಲಿಗೆ ಹೋಗಿ ‘ಅನಾರೋಗ್ಯ’ ಎಂಬ ಕಾರಣವಾಗಿ ಮುದ್ರಣವಾಗುತ್ತದೆ. ಸಾವನ್ನೇ ಮುಚ್ಚಿಡುವುದೂ ಇದೆ. 2016ಕ್ಕೆ ಎನ್‌ಸಿಆರ್‌ಬಿ 1,31,008 ಎಂದರೆ, ಜಾಗತಿಕ ರೋಗಭಾರ ಅಧ್ಯಯನದ ಅಂದಾಜು 2,30,314. ಇಂಗ್ಲೆಂಡಿನ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ಕಾರೊನರ್, ಅಂದರೆ ಅಸಹಜ ಸಾವಿನ ಕಾರಣ ವಿಚಾರಿಸುವ ಅಧಿಕಾರಿಯ ವಿಚಾರಣೆ ಮುಗಿದ ಮೇಲೆಯೇ ಇಂಥ ಸಾವಿನ ನೋಂದಣಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2019ರ 5,691 ಮರುವರ್ಷ 5,224ಕ್ಕೆ ಇಳಿದದ್ದರಲ್ಲಿ ಒಂದು ಪಾಲು ವಿಚಾರಣೆಗಳೇ ನಿಂತಿದ್ದರಿಂದ ಆದದ್ದು.

ಯಾರು ಸತ್ತರು? ಕೃಷಿ ಕ್ಷೇತ್ರದವರು 2020ರಲ್ಲಿ 10,677, ಕೃಷಿ ಕಾರ್ಮಿಕರೂ ಸೇರಿ. ಉಳಿದ ದಿನಗೂಲಿಯವರು 2019ರಲ್ಲಿ 32,563, 2020ರಲ್ಲಿ 37,666, 2021ರಲ್ಲಿ 42,004. ಗೃಹಿಣಿಯರು 2020ರಲ್ಲಿ 22,372, ಮರುವರ್ಷ 23,179. ರೈತರ ಆತ್ಮಹತ್ಯೆಯ ಬಗ್ಗೆ ಬರೆಯಬೇಕು, ಸರಿಯೇ. ಕೂಲಿಯವನ ಬಗ್ಗೆಯೂ ಬರೆಯಬೇಕು.

ಇದರ ಹಿಂದಿನ ಯಂತ್ರವನ್ನು ಮಲೆನಾಡಿನಲ್ಲೇ ಬಿಚ್ಚಿ ನೋಡಬಹುದು. ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಅಡಿಕೆ ಕೊಯ್ಲು, ಸುಲಿತ ಹೆಚ್ಚಿನ ಕಡೆ ಮುಗಿದಿತ್ತು. ಮಂಡಿ ಮುಚ್ಚಿದರೂ ಒಣಗಿದ ಅಡಿಕೆ ಚೀಲದಲ್ಲಿ ಕಾಯುತ್ತದೆ. ಕೂಲಿ ಕಾಯುವುದಿಲ್ಲ, ಇವತ್ತಿನ ಕೂಲಿ ಇವತ್ತು ಹೋಯಿತೆಂದರೆ ಹೋಯಿತು. ತಲೆಗೆ 5 ಕೆಜಿ ಉಚಿತ ಧಾನ್ಯ, ಜನಧನ್ ಖಾತೆಯ ಹೆಂಗಸರಿಗೆ ಮೂರು ತಿಂಗಳು 500 ರೂಪಾಯಿ, ಆಮೇಲೆ ನರೇಗಾ ಕೆಲಸ, ಇವು ಹೊಟ್ಟೆಗೆ ಆಸರೆಯಾದವು. ಸಾಲಕ್ಕೆ ಆಗಲಿಲ್ಲ. ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟದ್ದು 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಎರಡೂ ಒಟ್ಟಿಗೆ ಬಾಗಿಲಿಗೆ ಬಂದವು. ಆಸ್ಟ್ರೇಲಿಯಾದಂಥ ದೇಶ ಕೆಲಸ ಹೋದವರ ಭತ್ಯೆಗೆ ಎರಡು ವಾರಕ್ಕೊಮ್ಮೆ 550 ಡಾಲರ್ ಹೆಚ್ಚುವರಿ ಕೊಟ್ಟಿತು. ಅಲ್ಲಿ ಮೊದಲ ವರ್ಷ ಆತ್ಮಹತ್ಯೆ ಏರದಿರಲು ಇದೂ ಒಂದು ಕಾರಣ ಎಂದೇ ನನ್ನ ತೀರ್ಮಾನ. ವೈರಸ್ ಎಲ್ಲ ಕಡೆ ಒಂದೇ ಇತ್ತು, ಕಾಲ ಕೆಳಗಿನ ನೆಲ ಒಂದೇ ಇರಲಿಲ್ಲ.

ನಮ್ಮಲ್ಲಿ ಸಾಲಕ್ಕೆ ಮಾನ ಅಂಟಿಕೊಂಡಿದೆ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ಕಂತು ಕಟ್ಟಲಾಗದವನ ಎದುರು ಆಡಬೇಡಿ. ಸಂಘದ ಸಭೆಯಲ್ಲಿ ಹೆಸರು ಓದಿ ನಿಲ್ಲಿಸುವುದು ವಸೂಲಿಗೆ ಸುಲಭ ದಾರಿ. ಅಪಾಯದ ದಾರಿಯೂ ಹೌದು. ಕಾರ್ಯದರ್ಶಿಗಳು ಬಾಕಿಯ ಮಾತನ್ನು ಒಬ್ಬೊಬ್ಬರನ್ನೇ ಕೂರಿಸಿ ಆಡಿ.

ಮದ್ಯದ ವಿಷಯವನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ 2020ರ ಮೇ 4ರವರೆಗೆ ಅಂಗಡಿಗಳು ಮುಚ್ಚಿದ್ದವು. ದಿನವೂ ಕುಡಿಯುತ್ತಿದ್ದವರಿಗೆ ಥಟ್ಟನೆ ನಿಂತರೆ ಎರಡು ಮೂರು ದಿನದಲ್ಲಿ ನಡುಕ, ನಿದ್ರೆಗೇಡು, ಇಲ್ಲದ್ದು ಕಾಣುವುದು, ಫಿಟ್ಸ್ ಬರಬಹುದು. ಆ ತಳಮಳದಲ್ಲಿ ಕೇರಳದಲ್ಲೂ ಕರ್ನಾಟಕದಲ್ಲೂ ಜೀವಗಳು ಹೋದವು. ಅದು ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ದಾಟಿಸಬೇಕಾದ ವಾರ, ಬೈದು ಮನೆಯಲ್ಲಿ ಕೂಡಿಹಾಕುವ ವಾರವಲ್ಲ.

ಔಷಧಿ ಎಂದಾಗ ನೆನಪಾಯಿತು. ನಮ್ಮಲ್ಲಿ ಗದ್ದೆ, ತೋಟಕ್ಕೆ ಹೊಡೆಯುವ ವಿಷಕ್ಕೂ ಔಷಧಿ ಎಂದೇ ಹೆಸರು. ಅದನ್ನು ಇಡಲು ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟರೆ ಸಾಕೇ? ಶ್ರೀಲಂಕಾದಲ್ಲಿ 180 ಹಳ್ಳಿಗಳ 53 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಪರೀಕ್ಷಿಸಿದರು. ಅರ್ಧ ಹಳ್ಳಿಗಳಿಗೆ ಪೆಟ್ಟಿಗೆ ಕೊಟ್ಟರು, ವ್ಯತ್ಯಾಸ ಕಾಣಲಿಲ್ಲ. ಬೀಗದ ಕೈ ಮನೆಯವರ ಕೈಯಲ್ಲೇ ಇರುತ್ತದಲ್ಲ. ಅದೇ ದೇಶದಲ್ಲಿ ಅತಿ ಅಪಾಯಕಾರಿ ಕೀಟನಾಶಕಗಳನ್ನು 1995ರಿಂದ ಹಂತಹಂತವಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ನಮ್ಮಲ್ಲೂ ಹಾಗಾಗುವವರೆಗೆ ನಾವು ಮಾಡಬಹುದಾದದ್ದು: ಆ ಸಲಕ್ಕೆ ಬೇಕಾದಷ್ಟೇ ಕೊಳ್ಳುವುದು, ಉಳಿದದ್ದನ್ನು ವಾಸದ ಮನೆಯಲ್ಲಿ ಇಡದಿರುವುದು, ಮನೆಯಲ್ಲಿ ಯಾರಾದರೂ ಕುಗ್ಗಿದ್ದಾರೆ ಎಂದು ತಿಳಿದ ದಿನವೇ ಅದನ್ನು ಬೇರೆಯವರ ಸುಪರ್ದಿಗೆ ದಾಟಿಸುವುದು.

ಪತ್ರಕರ್ತರಿಗೆ ಇನ್ನೊಂದು ಮಾತು. 2020ರ ಜೂನ್‌ನಲ್ಲಿ ಹಿಂದಿ ನಟನೊಬ್ಬನ ಸಾವನ್ನು ಟಿವಿ ತಿಂಗಳುಗಟ್ಟಲೆ ಹಿಂಡಿತು. ಭಾರತೀಯ ಪತ್ರಿಕಾ ಮಂಡಳಿ 2019ರ ಸೆಪ್ಟೆಂಬರ್‌ನಲ್ಲೇ ಮಾರ್ಗಸೂಚಿ ಕೊಟ್ಟಿತ್ತು: ಎದ್ದುಕಾಣುವಂತೆ ಹಾಕಬೇಡಿ, ವಿಧಾನ ವಿವರಿಸಬೇಡಿ, ಜಾಗದ ವಿವರ ಬೇಡ, ಫೋಟೊ, ವಿಡಿಯೊ ಬೇಡ. ಸುದ್ದಿಯ ಕೊನೆಗೆ ಸಹಾಯವಾಣಿ ಹಾಕಿ. ಟೆಲಿ ಮಾನಸ್, 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅದು ಶುರುವಾದದ್ದು 2022ರ ಅಕ್ಟೋಬರ್ 10ಕ್ಕೆ.

ಆಶಾ ಕಾರ್ಯಕರ್ತೆಯರು, ಶಿಕ್ಷಕರು ಮನೆಗೆ ಹೋದಾಗ ಕೇಳಲು ಹೆದರುತ್ತಾರೆ, ಕೇಳಿದರೆ ಆ ಯೋಚನೆ ಬಿತ್ತಿದಂತೆ ಆಗುತ್ತದೆಂದು. ಹಾಗಾಗುವುದಿಲ್ಲ. ಬೇರೆಯವರಿಲ್ಲದಾಗ, ಬಾವಿಕಟ್ಟೆಯ ಹತ್ತಿರವೋ ಹಿತ್ತಿಲಲ್ಲೋ, ನೇರವಾಗಿ ಕೇಳಿ: “ಅಕ್ಕಾ, ಇತ್ತೀಚೆಗೆ ಬದುಕೋದೇ ಬ್ಯಾಡ ಅನ್ನಿಸಿದ್ಯಾ?” ಹೌದೆಂದರೆ, “ಸಾಯಬೇಕು ಅಂತ ಯೋಚನೆ ಮಾಡಿದ್ಯಾ? ಹೆಂಗೆ ಅಂತ ಏನಾದ್ರೂ ಅಂದ್ಕೊಂಡಿದೀರಾ?” ಎರಡನೆಯದಕ್ಕೂ ಹೌದೆಂದರೆ ಅವತ್ತು ಒಬ್ಬರನ್ನೇ ಬಿಡಬೇಡಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. 14416ಕ್ಕೆ ಅಲ್ಲೇ ಫೋನ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇದೆ, ಆದರೆ ಇಂಥವರನ್ನು ಮಂಗಳವಾರದವರೆಗೆ ಕಾಯಿಸಬೇಡಿ.

ಪ್ರಯತ್ನ ಆಗಿಹೋಗಿದ್ದರೆ ಕುಟುಂಬ ಪೊಲೀಸ್ ಕೇಸಿಗೆ ಹೆದರಿ ತಡಮಾಡುತ್ತದೆ. ಹೋಗುವ ಜೀವಗಳಲ್ಲಿ ಎಷ್ಟೋ ಈ ತಡದಲ್ಲಿ ಹೋಗುತ್ತವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಈಗಿನ ನ್ಯಾಯ ಸಂಹಿತೆಯಲ್ಲಿ ಇಲ್ಲ. ಇದನ್ನು ಊರಲ್ಲಿ ಹೇಳಿ.

ಬದುಕಿ ಮನೆಗೆ ಬಂದವರ ವಿಷಯದಲ್ಲಿ ನಮ್ಮ ಕೈಯಲ್ಲಿ ಅಗ್ಗದ, ಪರೀಕ್ಷಿತ ದಾರಿಯೊಂದಿದೆ. ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಐದು ಕಡೆ 1,867 ಜನರ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನೋಡಿತು. ಬಿಡುಗಡೆಯ ಹೊತ್ತಿಗೆ ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. ಹೀಗೆ ನೋಡಿಕೊಂಡವರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ 0.2, ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ ಶೇ 2.2. ಭೇಟಿಗಳು 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. ಮೊದಲ ಐದು ಒತ್ತೊತ್ತಾಗಿವೆ, ಅಪಾಯ ಅಲ್ಲೇ ಹೆಚ್ಚು. ಜುಲೈ ಮೊದಲ ವಾರ ಮನೆಗೆ ಬಂದವರಾದರೆ ಆ ಐದೂ ಮಳೆಗಾಲದೊಳಗೇ ಬೀಳುತ್ತವೆ. ಹೊಸನಗರ, ಸಾಗರದ ಒಳ ಊರುಗಳಲ್ಲಿ ಆಗ ಕರೆಂಟಿಲ್ಲ, ಸಿಗ್ನಲ್ ಇಲ್ಲ, ಫೋನ್ ನಂಬಿ ಕೂರಬೇಡಿ. ನಾಲ್ಕನೇ ತಿಂಗಳು ಅಡಿಕೆ ಕೊಯ್ಲಿನ ಹೊತ್ತು, ಮನೆಯಲ್ಲಿ ಸಿಗುವುದು ಸಂಜೆಯೇ. ಒಂಬತ್ತು ತಾರೀಖುಗಳನ್ನೂ ಬಿಡುಗಡೆಯಾದ ದಿನವೇ ಡೈರಿಯಲ್ಲಿ ಬರೆದುಕೊಳ್ಳಿ. ಹದಿನೆಂಟನೇ ತಿಂಗಳು ಆಚೆ ವರ್ಷದ ಜನವರಿಗೆ ಹೋಗುತ್ತದೆ; ಡೈರಿ ಬದಲಾಯಿಸುವಾಗ ಅದನ್ನು ಹೊಸದಕ್ಕೆ ಇಳಿಸಿಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.