ಜ್ವರ ಬಿಟ್ಟ ಮೇಲೂ ಬಿಡದ ಸುಸ್ತು

ನಮಸ್ಕಾರ. ಜ್ವರ ಬಿಟ್ಟಿದೆ, ರಕ್ತದ ರಿಪೋರ್ಟೂ ನಾರ್ಮಲ್ ಬಂದಿದೆ. ಆದರೆ ಬಟ್ಟೆ ಒಣಹಾಕಲು ಕೈ ಮೇಲೆತ್ತಿದರೆ ತೋಳು ಸೋಲುತ್ತದೆ. ತಲೆಸ್ನಾನ ಮಾಡಿ ಬಂದರೆ ಮತ್ತೆ ಮಲಗೋಣ ಅನ್ನಿಸುತ್ತದೆ. "ಹುಷಾರಾಯ್ತಲ್ಲ, ಇನ್ನೇನು?" ಅಂತ ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಈ ವೀಡಿಯೊ ಅಂಥವರಿಗಾಗಿ.

ಮೊದಲೇ ಹೇಳಿಬಿಡುತ್ತೇನೆ, ಇದು ಸೋಮಾರಿತನ ಅಲ್ಲ. ವೈರಸ್ ಜೊತೆ ಕಾದಾಡಿದ ದೇಹ ಒಂದೇ ದಿನಕ್ಕೆ ಮೊದಲಿನಂತೆ ಆಗುವುದಿಲ್ಲ. ಮಲಗಿದ್ದಷ್ಟು ದಿನ ಸ್ನಾಯುಗಳೂ ಸೊರಗಿರುತ್ತವೆ. ಫ್ಲೂ ಆಗಲಿ, ಡೆಂಗ್ಯೂ ಆಗಲಿ, ಕೋವಿಡ್ ಆಗಲಿ, ನಂತರ ಕೆಲವು ವಾರ ನಿಶ್ಶಕ್ತಿ ಇರುವುದು ಸಾಮಾನ್ಯ. ಚಿಕೂನ್‌ಗುನ್ಯಾ ಬಂದು ಹೋದವರನ್ನು ಕೇಳಿ, ಕೀಲು ನೋವು ತಿಂಗಳುಗಟ್ಟಲೆ ಕಾಡಿದ್ದನ್ನು ಹೇಳುತ್ತಾರೆ. ಕೋವಿಡ್ ವಿಷಯದಲ್ಲಂತೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಇದಕ್ಕೊಂದು ವ್ಯಾಖ್ಯೆ ಕೊಟ್ಟಿದೆ. ಸಾಮಾನ್ಯವಾಗಿ ಸೋಂಕು ಶುರುವಾಗಿ 3 ತಿಂಗಳಾದ ಮೇಲೂ ತೊಂದರೆ ಇರಬೇಕು, ಅದು ಕನಿಷ್ಠ 2 ತಿಂಗಳು ಉಳಿದಿರಬೇಕು, ಬೇರೆ ಯಾವ ಕಾಯಿಲೆಯೂ ಅದಕ್ಕೆ ಕಾರಣ ಆಗಿರಬಾರದು. ಲಾಂಗ್ ಕೋವಿಡ್ ಅಂತ ನಾವು ಕರೆಯುವುದು ಇದನ್ನೇ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಒಂದು ದಿನ ಎದ್ದಾಗ ಮೈ ಹಗುರ ಅನ್ನಿಸುತ್ತದೆ. ಸರಿ, ಬಾಕಿ ಉಳಿದ ಕೆಲಸವನ್ನೆಲ್ಲ ಇವತ್ತೇ ಮುಗಿಸಿಬಿಡೋಣ ಅಂತ ಹೊರಡುತ್ತೇವೆ. ಆ ದಿನ ಏನೂ ಆಗುವುದಿಲ್ಲ. ಮಾರನೇ ದಿನ, ಕೆಲವರಿಗೆ ಅದರ ಮಾರನೇ ದಿನ, ಹಾಸಿಗೆಯಿಂದ ಏಳಲಾಗುವುದಿಲ್ಲ. ತಲೆ ಭಾರ, ಮೈಕೈ ನೋವು, ಓದಿದ್ದು ತಲೆಗೆ ಹೋಗುವುದಿಲ್ಲ. ಹೊಡೆತ ತಡವಾಗಿ ಬೀಳುವುದರಿಂದ ಯಾವ ಕೆಲಸದಿಂದ ಹೀಗಾಯಿತು ಅನ್ನುವುದೇ ಗೊತ್ತಾಗುವುದಿಲ್ಲ.

ಅದಕ್ಕೇ ಈ ನೋಟ್‌ಬುಕ್. ಸ್ಕ್ರೀನ್ ಮೇಲೆ ಕಾಣುತ್ತಿದೆಯಲ್ಲ, ಎಡಗಡೆ ಮಾಡಿದ ಕೆಲಸ, ಬಲಗಡೆ ಮಾರನೇ ದಿನ ಮೈ ಹೇಗಿತ್ತು ಅನ್ನುವುದು. "ತಲೆಸ್ನಾನ, ಒಂದು ಗಂಟೆ ಫೋನ್ ಮಾತು", ಅದರ ಎದುರಿಗೆ "ಮಧ್ಯಾಹ್ನದವರೆಗೂ ಮಲಗಿದ್ದೆ". ಮಾತಾಡುವುದೂ ಲೆಕ್ಕಕ್ಕೆ ಬರುತ್ತದೆ, ಲ್ಯಾಪ್‌ಟಾಪ್ ಮುಂದೆ ಕೂರುವುದೂ ಬರುತ್ತದೆ. ಹೀಗೆ ಬರೆದಿಟ್ಟರೆ ನಮ್ಮ ಮಿತಿ ಎಲ್ಲಿದೆ ಅಂತ ತಾನಾಗಿಯೇ ಕಾಣುತ್ತದೆ. ಆಮೇಲೆ ಮಾಡಬೇಕಾದ್ದು ಇಷ್ಟೇ, ಸುಸ್ತಾದ ಮೇಲೆ ಕೂರುವ ಬದಲು ಸುಸ್ತಾಗುವ ಮೊದಲೇ ಕೂರುವುದು. ಸ್ನಾನಕ್ಕೆ ಸ್ಟೂಲ್ ಇಟ್ಟುಕೊಳ್ಳಿ. ಇಲ್ಲಿ ನಾನು ಮೆಟ್ಟಿಲ ಮಧ್ಯೆ ಕಂಬಿ ಹಿಡಿದು ನಿಂತಿದ್ದೇನೆ ನೋಡಿ, ಆಗ ಏದುಸಿರು ಬಂದಿರಲಿಲ್ಲ. ಬರುವುದಕ್ಕೆ ಮೊದಲೇ ನಿಂತಿದ್ದು.

"ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಜಾಸ್ತಿ ಮಾಡು, ಸರಿಹೋಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಮಾರನೇ ದಿನ ಕುಸಿಯದವರಿಗೆ ಈ ಮಾತು ಸರಿ, ನಿಧಾನವಾಗಿ ನಡಿಗೆ ಹೆಚ್ಚಿಸಿದರೆ ಸೊರಗಿದ ಸ್ನಾಯು ಚೇತರಿಸಿಕೊಳ್ಳುತ್ತದೆ. ಕುಸಿಯುವವರಿಗೆ ಮಾತ್ರ ಹಠ ಹಿಡಿದು ಏರಿಸುವುದು ಒಳ್ಳೆಯದಲ್ಲ. ಈ ವ್ಯತ್ಯಾಸ ದಯವಿಟ್ಟು ಮರೆಯಬೇಡಿ.

ಇನ್ನು ಕೆಮ್ಮು. ಸೋಂಕು ಹೋದ ಮೇಲೂ ಗಂಟಲು, ಶ್ವಾಸನಾಳ ಸೂಕ್ಷ್ಮವಾಗಿಯೇ ಇರುತ್ತವೆ. ಧೂಳು, ತಣ್ಣನೆ ಗಾಳಿ, ಜೋರು ನಗು, ಯಾವುದಾದರೂ ಸಾಕು, ಒಣಕೆಮ್ಮು ಶುರು. ಇದು 3ರಿಂದ 8 ವಾರ ಇರಬಹುದು. ವೈರಸ್‌ನಿಂದ ಉಳಿದ ಕೆಮ್ಮಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಸುಮ್ನೆ ನುಂಗಬೇಡಿ. 8 ವಾರ ದಾಟಿದರೆ, ಅಥವಾ ಅದಕ್ಕೆ ಮೊದಲೇ ರಕ್ತ ಬಂದರೆ, ಮತ್ತೆ ಜ್ವರ ಬಂದರೆ, ಡಾಕ್ಟರಿಗೆ ತೋರಿಸಿ.

ವಾಸನೆ ಹೋದವರಿಗೆ ಒಂದು ಸರಳ ಅಭ್ಯಾಸ ಇದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕು ಪರಿಮಳಗಳನ್ನು ಬೇರೆ ಬೇರೆ ಬಾಟಲಿಯಲ್ಲಿ ಇಟ್ಟುಕೊಂಡು, ದಿನಕ್ಕೆ ಎರಡು ಸಲ ಒಂದೊಂದನ್ನೂ ಸುಮಾರು 20 ಸೆಕೆಂಡ್ ಮೂಸುವುದು. ಮೂಸುವಾಗ ಆ ವಾಸನೆ ಹೇಗಿತ್ತು ಅಂತ ನೆನಪಿಸಿಕೊಳ್ಳಬೇಕು. ಕನಿಷ್ಠ 12 ವಾರ ಬಿಡದೆ ಮಾಡಬೇಕು. ಮಧ್ಯೆ ಕೆಲವರಿಗೆ ಪರಿಚಿತ ವಾಸನೆಯೇ ಸುಟ್ಟ ಹಾಗೆ, ಕೊಳೆತ ಹಾಗೆ ಅನ್ನಿಸುತ್ತದೆ. ಅದು ಹಿಂಸೆಯೇ, ಆದರೆ ಹಲವರಿಗೆ ಕಾಲಕ್ರಮೇಣ ಸರಿಯಾಗುತ್ತದೆ. ಅಲ್ಲಿಯವರೆಗೆ ಗ್ಯಾಸ್ ಸೋರಿದರೆ, ಅಡುಗೆ ಹಳಸಿದರೆ ಗೊತ್ತಾಗುವುದಿಲ್ಲ ಅನ್ನುವುದು ನೆನಪಿರಲಿ.

ಕೂದಲು ಉದುರುವುದು ಜ್ವರ ಬಂದು 2-3 ತಿಂಗಳಾದ ಮೇಲೆ ಶುರುವಾಗುತ್ತದೆ. ಬಾಚಣಿಗೆ ನೋಡಿ ಗಾಬರಿ ಆಗಬೇಡಿ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ಆದರೆ ಕೆಲವಕ್ಕೆ ಕಾಯಬಾರದು. ಎದೆನೋವು, ಕೂತಲ್ಲೇ ಉಸಿರಾಟದ ತೊಂದರೆ, ತಲೆ ಸುತ್ತಿ ಬೀಳುವುದು, ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು, ಮುಖ ಅಥವಾ ಕೈ ಒಂದು ಕಡೆ ಸೋಲುವುದು, ಇದರಲ್ಲಿ ಯಾವುದೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ತೊಂದರೆ ಮಾಡುತ್ತವೆ. ಹಾಗಾಗಿ ಓಡುವಾಗ ಎದೆ ನೋಯುವವರು, ಎದೆ ಡವಡವ ಅನ್ನುವವರು ಇಸಿಜಿ ಮಾಡಿಸಿಕೊಳ್ಳದೆ ಜಿಮ್ ಕಡೆ ಹೋಗಬೇಡಿ.

ಎದ್ದು ನಿಂತಾಗೆಲ್ಲ ತಲೆ ಸುತ್ತಿ ಎದೆ ಹೊಡೆದುಕೊಳ್ಳುತ್ತಿದ್ದರೆ ಮಲಗಿದಾಗಿನ ನಾಡಿ ಬಡಿತ ಬರೆದುಕೊಳ್ಳಿ. ಆಮೇಲೆ ನಿಂತು, 10 ನಿಮಿಷದ ಒಳಗೆ ಎಷ್ಟಾಗುತ್ತದೆ ನೋಡಿ. ಹತ್ತಿರ ಯಾರಾದರೂ ಇರಲಿ. ದೊಡ್ಡವರಲ್ಲಿ ನಿಮಿಷಕ್ಕೆ 30 ಬಡಿತಕ್ಕಿಂತ ಜಾಸ್ತಿ ಏರಿ, ಇಳಿಯದೆ ಹಾಗೆಯೇ ಉಳಿದರೆ ಡಾಕ್ಟರಿಗೆ ಆ ಲೆಕ್ಕ ತೋರಿಸಿ. ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ. "ಸುಸ್ತು" ಅಂತಷ್ಟೇ ಹೇಳಿದರೆ ಅವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ರಕ್ತಹೀನತೆ, ಥೈರಾಯ್ಡ್, ಶುಗರ್, ವಿಟಮಿನ್ ಬಿ12 ಕೊರತೆ, ಇವುಗಳಿಂದಲೂ ಇದೇ ಥರ ಸುಸ್ತು ಬರುತ್ತದೆ, ಇವಕ್ಕೆ ಚಿಕಿತ್ಸೆಯೂ ಇದೆ. ಅವನ್ನು ಪರೀಕ್ಷೆ ಮಾಡಿಸಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.